ಹೊಗೆ ಹತ್ತಿದ ಬೀಜ

ಮೊದಲ ದಿನ ನಿಮ್ಮ ಕೈಯಾಗ ಒಂದು ಸಣ್ಣ ಚಾಕು ಕೊಡ್ತಾರ. ಒಣಗಿದ ಕೋಕೋ ಬೀಜ ಉದ್ದಕ್ಕ ಸೀಳಿ ಒಳಗಿನ ಬಣ್ಣ ನೋಡಬೇಕು. ಕಂದು ಇದ್ರ ಹುದುಗು ಚಲೋ ಬಂದೈತಿ, ನೇರಳೆ ಇದ್ರ ಅರ್ಧಮರ್ಧ, ಸ್ಲೇಟಿನಂಗ ಬೂದು ಇದ್ರ ಹುದುಗೇ ಬಂದಿಲ್ಲ. ಇದನ್ನ ಕಲಿಯಾಕ ಒಂದು ವಾರ ಸಾಕು. ಅದನ್ನ ನಿಮಗ ಅಲ್ಲಿ ಯಾರಾದ್ರೂ ಕಲಿಸ್ತಾರ.

ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ನಿಖಿತಾ ಅಂತ ಒಬ್ಬ ಹುಡುಗಿ, ಮೈಸೂರಿನಾಕಿ, ಹೋದ ತಿಂಗಳು ಹೈದರಾಬಾದಿನ ತಾರ್ನಾಕದ ನಮ್ಮ ಮನಿಗೆ ಬಂದಿದ್ಲು. "ಆಂಟಿ, ನಿಮ್ಮ ಅನುಭವ ಬರೆದುಕೊಡಿ, ನಮ್ಮ ಬ್ಯಾಚಿನವರೆಲ್ಲ ಓದ್ತೀವಿ" ಅಂದ್ಲು. "ನನಗ ಬರಿಯೋ ಕನ್ನಡ ಬರಂಗಿಲ್ಲ ತಾಯಿ, ಮಾತಾಡೋ ಕನ್ನಡ ಬರ್ತೈತಿ" ಅಂದೆ. "ಹಾಗೇ ಬರೀರಿ" ಅಂದ್ಲು. ಅದಕ್ಕ ಹಿಂಗ ಬರ್ಯಾಕತ್ತೀನಿ. ಯಾವಾಗ ಯಾವ ಹುದ್ದೆ ಸಿಕ್ಕಿತು, ಯಾರು ಶಾಲು ಹೊದಿಸಿದ್ರು, ಅದೆಲ್ಲ ಬಿಟ್ಟುಬಿಡ್ತೀನಿ. ಅದನ್ನ ಓದಿ ನಿಮಗ ಏನಾಗಬೇಕಾಗೈತಿ?

ನಾನು ರಾಯಚೂರು ಕಡೆಯಾಕಿ. ತೆಲುಗು ಕನ್ನಡ ಎರಡೂ ಆಡಿಕೋತ ಬೆಳದಾಕಿ, ಅದಕ್ಕ ಹೈದರಾಬಾದ್ ನನಗ ಪರಸ್ಥಳ ಅನಿಸಲಿಲ್ಲ. ನಮ್ಮ ಸಂಸ್ಥೆ ಕೆಲಸ ಏನಂದ್ರ, ಅಶ್ವಾರಾವುಪೇಟ ಕಡೆ ತೆಂಗಿನ ತೋಟದ ನೆರಳಿನಾಗ ಕೋಕೋ ಹಾಕಿದ ಸಣ್ಣ ರೈತರಿಗೆ ಬೀಜ ಹದ ಮಾಡೋದು ಕಲಿಸೋದು, ಚಾಕಲೇಟು ಮಾಡೋ ಕಂಪನಿಯವರನ್ನ ಅವರಿಗೆ ಜೋಡಿಸಿ ಕೊಡೋದು. ಎಲ್ಲಾ ಒಂದೆಕರೆ, ಎರಡೆಕರೆಯ ಮಂದಿ. ಹಳ್ಳಿಯಿಂದ ಸರಕಿನ ಮಾದರಿ ಚೀಲ ತಾರ್ನಾಕದ ನಮ್ಮ ಪರೀಕ್ಷಾ ಕೋಣೆಗೆ ಬರ್ತಿತ್ತು. ನಾನು ಚಲೋ ಐತಿ ಅಂದ್ರ ಕಂಪನಿಯವರು ಆ ಸರಕು ತಗೋತಿದ್ರು, ಬ್ಯಾಡ ಅಂದ್ರ ತಗೋತಿರಲಿಲ್ಲ.

ಶುರುವಿನಾಗ ನಾ ಮಾಡಿದ ಒಂದು ಭಾನಗಡಿ ಹೇಳ್ತೀನಿ, ಬೇಕಾದ್ರ ನಗ್ರಿ. ಕೋಕೋ ಕಾಯಿ ಒಡದ್ರ ಬೀಜದ ಸುತ್ತ ಬೆಳ್ಳನ ಅಂಟು ತಿರುಳು ಇರ್ತೈತಿ. ನನಗ ಅದು ಹೊಲಸು ಕಂಡು, "ಛೀ, ಚಂದಾಗಿ ತೊಳದು ಹುದುಗಿನ ಪೆಟ್ಟಿಗಿಗೆ ಹಾಕ್ರಿ" ಅಂತ ಒಬ್ಬ ಮುದುಕಗ ಅಂದೆ. ಆ ತಿರುಳು ಹುಳಿ ಬಂದು ಕಾವು ಏರಿದ್ರೇನ ಬೀಜ ಹುದುಗೋದು. ಪುಸ್ತಕದಾಗ ಓದಿದ್ದೆ ಮತ್ತ! ಕಣ್ಣಮುಂದ ಕಂಡಾಗ ತಲ್ಯಾಗ ಬರಲಿಲ್ಲ. ಪಾಪ, ಆತ ಕೊಡಗಟ್ಟಲೆ ನೀರು ಹೊತ್ತು ತೊಳದ. ಆರು ದಿನ ಬಿಟ್ಟು ಹೋದ್ರ ಬೀಜ ಇಟ್ಟಂಗ ಇತ್ತು. "ಬಂಗಾರ ತೊಳದಂಗ ತೊಳದೀನ್ರಿ ಮೇಡಂ" ಅಂದ. ಅವತ್ತು ನನಗ ಭಾಳ ನಾಚಿಕಿ ಆತು, ಮರುದಿನ ಮರತೂಬಿಟ್ಟೆ.

ನನಗ ಕೆಲಸ ಕಲಿಸಿದವರು ನಮ್ಮ ದೊಡ್ಡ ಸಾಹೇಬರು. ಶಿಸ್ತಿನ ಮನುಷ್ಯ, ಬೈದ್ರೂ ಚಂದ ಬೈತಿದ್ರು. "ನಿನಗ ಪಗಾರ ಕೊಡೋದು ನಿನ್ನ ಮೂಗಿನ ಸಲುವಾಗಿ" ಅಂತಿದ್ರು. ಪರೀಕ್ಷೆ ದಿನ ಉಳ್ಳಾಗಡ್ಡಿ ತಿನ್ನಂಗಿಲ್ಲ, ಮಲ್ಲಿಗಿ ಮುಡಿಯಂಗಿಲ್ಲ, ತಲಿಗೆ ಎಣ್ಣಿ ಹಚ್ಚಂಗಿಲ್ಲ. ಕೋಕೋ ಬೀಜದಾಗ ಜಿಡ್ಡು ಐತಲ್ಲ, ಬಾಜೂಕ ಏನಿದ್ರೂ ಅದರ ವಾಸನಿ ಎಳಕೋತೈತಿ. ಸೀಮೆಎಣ್ಣೆ ಡಬ್ಬಿ ಸಮೀಪ ಇಟ್ರ ಸೀಮೆಎಣ್ಣೆ, ಒಣಮೀನು ಸಮೀಪ ಇಟ್ರ ಒಣಮೀನು. ಆಗ ತೇವ ಅಳೆಯೋ ಯಂತ್ರನೂ ಇರಲಿಲ್ಲ. ಒಂದು ಮುಷ್ಟಿ ಬೀಜ ಕಿವಿ ಹತ್ರ ಹಿಡಿದು ಹಿಸುಕಬೇಕು, ಚಟಚಟ ಅಂದ್ರ ಒಣಗೈತಿ ಅಂತ ಲೆಕ್ಕ. ಈಗ ಯಂತ್ರ ಬಂದೈತಿ, ಚಲೋನ ಆತು, ಯಂತ್ರಕ್ಕ ಸೊಕ್ಕು ಬರಂಗಿಲ್ಲ. ನನಗ ಬಂತು. ಹತ್ತು ವರ್ಷದಾಗ ನನ್ನ ಮೂಗಿನ ಹೆಸರು ಕಂಪನಿಯವರ ತನಕ ಹೋಗಿ, ಮೇಡಂ ಬ್ಯಾಡ ಅಂದ್ರ ಬ್ಯಾಡ ಅನ್ನೋ ಮಟ್ಟಕ್ಕ ಬಂದಿತ್ತು.

ಇನ್ನ ಸಮ್ಮಕ್ಕನ ಸುದ್ದಿಗೆ ಬರ್ತೀನಿ.

ಆ ಕಡೆ ಒಂದು ಹಳ್ಳ್ಯಾಗ ಹನ್ನೊಂದು ಮನಿ ಹೆಂಗಸರು ಕೂಡಿ ಕೋಕೋ ಮಾಡ್ತಿದ್ರು. ಯಾಕ ಕೂಡಿ ಮಾಡಬೇಕು ಅಂದ್ರ, ಒಂದು ಮನಿಯ ಹಸಿ ಬೀಜ ಎರಡು ಬುಟ್ಟಿ ಆದ್ರ ಭಾಳ ಆತು. ಅಷ್ಟು ಸಣ್ಣ ಗುಂಪಿಗೆ ಕಾವು ಹತ್ತಂಗಿಲ್ಲ. ಹನ್ನೊಂದು ಮನಿಯದೂ ಒಂದೇ ಕಟ್ಟಿಗಿ ಪೆಟ್ಟಿಗ್ಯಾಗ ಸುರುವಿ, ಬಾಳಿ ಎಲಿ ಹೊಚ್ಚಿ, ಎರಡು ದಿನಕ್ಕೊಮ್ಮೆ ತಿರುವಿ ಹಾಕಿ, ಆಮ್ಯಾಲೆ ಚಾಪಿ ಮ್ಯಾಲೆ ಬಿಸಿಲಿಗೆ ಒಣಗಿಸಬೇಕು. ಒಮ್ಮೆ ಕೂಡಿದ ಮ್ಯಾಲೆ ಯಾರ ಬೀಜ ಯಾವುದು ಅಂತ ದೇವರಿಗೂ ಗೊತ್ತಾಗಂಗಿಲ್ಲ. ಅದಕ್ಕ ಆ ಪೆಟ್ಟಿಗಿ ಯಾರ ಅಂಗಳದಾಗ ಇರ್ತೈತೋ ಅಕಿ ಮ್ಯಾಲೆ ಹತ್ತು ಮನಿಯ ನಂಬಿಕಿ ಇರ್ತೈತಿ. ಪೆಟ್ಟಿಗಿ ಸಮ್ಮಕ್ಕನ ಅಂಗಳದಾಗ ಇತ್ತು. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ, ಆಕಿ ಮತ್ತ ಆಕಿ ಅತ್ತಿ ಇಬ್ಬರದೇ ಸಂಸಾರ. ಆ ಊರಾಗ ಹಿಂತಾ ಹೆಂಗಸಿಗೆ ಶುಭಕಾರ್ಯಕ್ಕ ಮುಂದ ಕರಿಯಂಗಿಲ್ಲ, ಆದರ ಪೆಟ್ಟಿಗಿ ಸಲುವಾಗಿ ಎಲ್ಲರೂ ಆಕಿ ಅಂಗಳಕ್ಕ ಬರ್ತಿದ್ರು. ಹಬ್ಬದಾಗ ಹೋಳಿಗಿ ಮೊದಲು ಆಕಿ ಮನಿಗೇ ಹೋಗ್ತಿತ್ತಂತ. ಇದೆಲ್ಲ ನನಗ ಆಗ ಗೊತ್ತಿರಲಿಲ್ಲ. ನನಗ ಗೊತ್ತಿದ್ದದ್ದು ಚೀಲದ ಮ್ಯಾಲಿನ ನಂಬರು ಅಷ್ಟೇ.

ಮಾದರಿ ಬಂದ್ರ ಅರ್ಧ ತೆಗೆದು ಮುಚ್ಚಳದ ಡಬ್ಬ್ಯಾಗ ಹಾಕಿಡೋದು, ಉಳಿದರ್ಧ ಸ್ಟೀಲ್ ತಾಟಿನಾಗ ಹರವಿ ನಡುವ ಒಂದಿನ ಬಿಡೋದು ನಮ್ಮ ಪದ್ಧತಿ, ಗೋಣಿ ವಾಸನಿ ಹೋಗಲಿ ಅಂತ. ಯಾವಾಗಲೂ ಶನಿವಾರ ಹರವಿ ಸೋಮವಾರ ನೋಡ್ತಿದ್ದೆ. ಅವತ್ತು ಸಂಕ್ರಾಂತಿ ರಜಾ ಅಡ್ಡ ಬಂದು ಬುಧವಾರ ಹರವಿ, ಶುಕ್ರವಾರ ನೋಡಿದೆ. ಸೀಳಿದ್ರ ಬಣ್ಣ ಎಷ್ಟು ಚಂದ ಇತ್ತು ಅಂತೀರಿ! ಒಂದು ಮುಷ್ಟಿ ಹುರದು, ಸಿಪ್ಪಿ ತೆಗೆದು, ಬಾಯಾಗ ಹಾಕ್ಕೊಂಡೆ. ಹೊಗೆ. ಇನ್ನೊಂದು ಹಾಕ್ಕೊಂಡೆ, ಅದೂ ಹೊಗೆ. 'ಹೊಗೆ ಹತ್ತೈತಿ, ಸರಕು ಬ್ಯಾಡ' ಅಂತ ಬರದೆ. ಅಷ್ಟಕ್ಕ ನಿಲ್ಲಿಸಿದ್ರ ಪರವಾಗಿರಲಿಲ್ಲ. ಕೆಳಗ 'ಒಲಿ ಮ್ಯಾಲೆ ಒಣಗಿಸ್ಯಾರ' ಅಂತನೂ ಬರದೆ. ಆ ಅಂಗಳ ನಾ ಕಣ್ಣಿಲೆ ನೋಡಿರಲಿಲ್ಲ.

ಆ ಸರಕು ಕಂಪನಿ ತಗೊಳ್ಳಲಿಲ್ಲ. ತಾಟಿನಾಗ ಉಳಿದ ಬೀಜ ದೊಡ್ಡ ಸಾಹೇಬರು ಒಂದು ಗಾಜಿನ ಬರಣ್ಯಾಗ ತುಂಬಿಸಿ, 'ಹೊಗೆ' ಅಂತ ಚೀಟಿ ಅಂಟಿಸಿದ್ರು. ತರಬೇತಿಗೆ ಬರೋ ರೈತರಿಗೆ ಮೂಸಾಕ ಕೊಡೋದಕ್ಕ.

ಎಂಟು ದಿನಕ್ಕ ಸಮ್ಮಕ್ಕ ಬಂದ್ಲು. ನಸುಕಿನ ಬಸ್ಸು ಹಿಡಿದು ಮಧ್ಯಾಹ್ನಕ್ಕ ತಾರ್ನಾಕ ಮುಟ್ಟಿ, ವಿಳಾಸದ ಚೀಟಿ ಹಿಡಿದು ಕೇಳಿಕೋತ ಬಂದಿದ್ಲು. ನನ್ನ ವಾರಗಿಯಾಕಿ, ಕರ್ರಗ, ಎತ್ತರಕ. ಸೆರಗಿನ ಗಂಟು ಬಿಚ್ಚಿ ಒಂದು ಮುಷ್ಟಿ ಬೀಜ ನನ್ನ ಮೇಜಿನ ಮ್ಯಾಲೆ ಸುರುವಿದ್ಲು. ಆಕಿ ಮಾತಾಡಿದ್ದು ತೆಲುಗು, ನಾ ನನ್ನ ಕನ್ನಡದಾಗ ಹೇಳ್ತೀನಿ.

"ಮೇಡಂ, ಇದು ಅದೇ ಸರಕು, ನೀವು ಬ್ಯಾಡ ಅಂದಿದ್ದು. ಇದ್ರಾಗ ಹೊಗೆ ಎಲ್ಲೈತಿ, ಮೂಸಿ ಹೇಳ್ರಿ."

"ಸೀಲ್ ಹಾಕಿ ಬಂದ ಚೀಲ ಬಿಟ್ಟು ಬ್ಯಾರೆ ನಾವು ನೋಡಂಗಿಲ್ಲಮ್ಮ" ಅಂದೆ.

"ಒಂದ್ಸಲ ಮೂಸಿದ್ರ ನಿಮಗೇನು ಹೋಗ್ತೈತಿ?"

"ಇದು ಯಾವ ಸರಕೋ ಏನೋ. ನನಗ ಹೆಂಗ ಗೊತ್ತಾಗಬೇಕು?"

ಆಕಿ ಮುಖ ಕೆಂಪಾತು. "ಸುಳ್ಳು ಹೇಳಾಕ ಇಷ್ಟು ದೂರ ಬರ್ತಾರೇನ್ರಿ? ಊರಾಗ ಎಲ್ಲರೂ ಮೂಸ್ಯಾರ. ಯಾರಿಗೂ ಏನೂ ಬಂದಿಲ್ಲ. ಆದ್ರೂ ಮೇಡಂ ಬರದಾರಂದ್ರ ಖರೇನ ಇರಬೇಕು ಅನ್ನಾಕತ್ತಾರ. ಪೆಟ್ಟಿಗಿ ಒಯ್ತೀವಿ ಅನ್ನಾಕತ್ತಾರ. ನಾ ಒಲಿ ಮ್ಯಾಲೆ ಹಾಕಿಲ್ರಿ. ಮತ್ತ ಹೊಗೆ ಎಲ್ಲಿಂದ ಬಂತು, ಅಷ್ಟರ ಹೇಳ್ರಿ."

ನನಗ ಸಿಟ್ಟು ಬಂತು. ನನ್ನ ಮೂಗಿಗೆ ಸವಾಲು ಹಾಕಿದಂಗ ಅನಿಸ್ತು. "ನಿಮ್ಮ ಮನಿ ಸುತ್ತ ಎಲ್ಲೋ ಬೆಂಕಿ ಐತಿ. ಹುಡುಕು, ಆರಿಸು. ಇಲ್ಲಿ ಬಂದು ನನ್ನ ಕೂಡ ವಾದ ಮಾಡಿದ್ರ ಹೊಗೆ ಹೋಗಂಗಿಲ್ಲ" ಅಂದುಬಿಟ್ಟೆ.

ಆಕಿ ಒಂದೊಂದೇ ಬೀಜ ಆರಿಸಿ ಮತ್ತ ಸೆರಗಿಗೆ ಕಟ್ಟಿಕೊಂಡ್ಲು. ಒಂದು ಮೇಜಿನ ಕೆಳಗ ಉರುಳಿತ್ತು, ಬಗ್ಗಿ ಅದನ್ನೂ ತಗೊಂಡ್ಲು. ಅಷ್ಟು ದೂರದಿಂದ ಬಂದಾಕಿಗೆ ಒಂದು ಲೋಟ ನೀರು ಕುಡಿ ಅಂತ ಸುದ್ದಾ ನಾ ಅನ್ನಲಿಲ್ಲ. ಕೈ ಚಾಚಿದ್ರ ಸಿಗೋವಷ್ಟು ಹತ್ರ ಇತ್ತು ಆ ಬೀಜ. ಮೂಸಾಕ ಎಷ್ಟು ಹೊತ್ತು ಬೇಕಿತ್ತು? ಹುಡುಗರಾ, ನನ್ನ ನೌಕರಿಯಾಗ ನಾ ಮಾಡಿದ ತಪ್ಪು ಇದು. ಮುಂದಿನದೆಲ್ಲಾ ಇದರ ಮಕ್ಕಳು ಮೊಮ್ಮಕ್ಕಳು.

ಮಳಿಗಾಲದ ಶುರುವಿನಾಗ ಒಂದು ಗುರುವಾರ. ಯಾವುದೋ ಗಡಿಬಿಡಿಯಾಗ ಬ್ಯಾರೆ ಊರಿನ ಮಾದರಿ ನಾ ಬುಧವಾರ ಹರವಿದ್ದೆ. ಕೆಳಗ ಚಹಾ ಕುಡದು ಮ್ಯಾಲೆ ಬಂದ್ರ ಕೋಣಿ ತುಂಬ ಮಬ್ಬು. ಲೋಬಾನದ ಚಾಚಾ ಬಂದಿದ್ರು. ಹೈದರಾಬಾದಿನಾಗ ಇದ್ದೋರಿಗೆ ಇದು ಹೊಸದಲ್ಲ. ಗುರುವಾರ ಗುರುವಾರ ಕೆಂಡದ ಧೂಪಪಾತ್ರಿ ಹಿಡಿದು ಅಂಗಡಿ ಅಂಗಡಿಗೂ ಬರ್ತಾರ, ಲೋಬಾನದ, ಅಂದ್ರ ಸಾಂಬ್ರಾಣಿಯ, ಹೊಗೆ ಹಾಕಿ, ದುವಾ ಮಾಡಿ, ಕೊಟ್ಟಷ್ಟು ತಗೊಂಡು ಹೋಗ್ತಾರ. ಕೆಳಗಿನ ಅಂಗಡಿಗೆ ಬರ್ತಿದ್ದ ಚಾಚಾನ್ನ ಮ್ಯಾಲೆ ಕರದಾಕಿನೂ ನಾನೇ. ನನಗ ಆ ವಾಸನಿ ಭಾಳ ಸೇರ್ತಿತ್ತು, ಸೊಳ್ಳಿನೂ ಹೋಗ್ತಿದ್ವು. "ಚಾಚಾ, ಮೂಲಿ ಮೂಲಿಗೂ ಹಾಕ್ರಿ" ಅಂತಿದ್ದೆ.

ಅವತ್ತೂ ಚಾಚಾ ಮೂಲಿ ಮೂಲಿಗೂ ಹಾಕಾಕತ್ತಿದ್ರು. ಬೀಜ ಹರವಿದ ತಾಟಿನ ಮ್ಯಾಲೆ ಹೊಗೆ ಇಳದು ಕೂಡಾಕತ್ತಿತ್ತು. ನಾನು ಬಾಗಿಲದಾಗ ನಿಂತಾಕಿ ನಿಂತಂಗ ನಿಂತೆ. "ಏನಾತು ಆಪಾ, ಹುಷಾರಿಲ್ಲೇನು?" ಅಂದ್ರು ಚಾಚಾ. ಸಂಕ್ರಾಂತಿ ರಜಾ, ಬುಧವಾರ, ಗುರುವಾರ, ಶುಕ್ರವಾರ, ಬೆರಳ ಮ್ಯಾಲೆ ಎಣಿಸಿದೆ. ಕಪಾಟು ತೆಗೆದು ಸಮ್ಮಕ್ಕನ ಊರಿನ ಮುಚ್ಚಳದ ಡಬ್ಬಿ ಹುಡುಕಿದೆ. ಮನಿಗೆ ಒಯ್ದು, ಅಡಿಗಿಮನ್ಯಾಗ ಹುರದು ಬಾಯಾಗ ಹಾಕ್ಕೊಂಡೆ. ಹೊಗೆಯ ಸುಳಿವೇ ಇರಲಿಲ್ಲ. ಆ ವರ್ಷ ನಾ ನೋಡಿದ ಬೀಜದಾಗ ಅಷ್ಟು ಚಲೋದು ಇನ್ನೊಂದು ಇರಲಿಲ್ಲ. ಗುರುವಾರ ಗುರುವಾರ ಲೋಬಾನ ಕುಡದು ಕುಡದು ನನ್ನ ಮೂಗಿಗೆ ಆ ವಾಸನಿನೇ ಬ್ಯಾರೆ ಅನಿಸದಂಗ ಆಗಿತ್ತು, ಬಾಯಿಗೆ ಮಾತ್ರ ಬರೇ ಹೊಗೆ ಅಂತ ಸಿಕ್ಕಿತ್ತು.

ಮರುದಿನ ದೊಡ್ಡ ಸಾಹೇಬರಿಗೆ ಎಲ್ಲಾ ಹೇಳಿದೆ. "ಜಾನೇ ದೋ ಅಮ್ಮಾ, ಬಿಟ್ಟುಬಿಡು" ಅಂದ್ರು. "ವರದಿ ಹೋಗೈತಿ. ಈಗ ಈ ಒಂದು ತಪ್ಪಂದ್ರ ನಾವು ಬರದ ಎಲ್ಲಾ ವರದಿ ಮ್ಯಾಲೂ ಅನುಮಾನ ಬರ್ತೈತಿ. ಅದರಿಂದ ಎಲ್ಲಾ ರೈತರಿಗೂ ತೊಂದರಿ. ಅವರ ಮುಂದಿನ ಸರಕು ತಗೊಳ್ಳೋಣ. ಆ ಚಾಚಾನ್ನ ಇನ್ನ ಮ್ಯಾಲೆ ಬಿಡಬ್ಯಾಡ." ಅವರು ಕೆಟ್ಟವರಲ್ಲ. ಅವರ ಮಾತು ನನಗ ಅವತ್ತು ಭಾಳ ಹಗುರ ಮಾಡಿತು, ಅದು ನನ್ನ ಹಣೆಬರಹ. ಸಾಹೇಬರೇ ಅಂದಮ್ಯಾಲೆ ನಾ ಏನು ಮಾಡಲಿ ಅಂತ ನನಗ ನಾನೇ ಹೇಳಿಕೊಂಡೆ. ಖರೇ ಹೇಳಬೇಕಂದ್ರ ಸಾಹೇಬರ ಅಂಜಿಕಿ ಅಲ್ಲ, ಈಕಿ ಮೂಗು ಸುಳ್ಳು ಅಂತಾರಲ್ಲ ಅನ್ನೋ ಅಂಜಿಕಿ. ಒಂದೂವರೆ ವರ್ಷ ಬಾಯಿ ಬಿಡಲಿಲ್ಲ. ಅಷ್ಟೇ ಅಲ್ಲ, ತರಬೇತಿ ನಡದಾಗ ಆ 'ಹೊಗೆ' ಬರಣಿ ಮುಚ್ಚಳ ತೆಗೆದು, "ನೋಡ್ರಿ, ಒಲಿ ಮ್ಯಾಲೆ ಒಣಗಿಸಿದ್ರ ಹಿಂಗಾಗ್ತೈತಿ" ಅಂತ ಗೊತ್ತಿದ್ದೂ ಗೊತ್ತಿದ್ದೂ ಹೇಳಿದಾಕಿ ನಾನು.

ಆಮ್ಯಾಲೆ ಒಂದು ಜನವರಿಯಾಗ ಅದೇ ಊರಿನ ಹೆಂಗಸರು ತರಬೇತಿಗೆ ಬಂದ್ರು. ಹತ್ತು ಮಂದಿ. ಸಮ್ಮಕ್ಕ ಇರಲಿಲ್ಲ. ಗುಂಪಿನ ಮುಂದಾಳು ಭದ್ರಮ್ಮ ಅಂತ, ದಪ್ಪನ ಧ್ವನಿಯಾಕಿ, ಹೊಟ್ಟಿ ತುಂಬ ನಗೋ ಹೆಂಗಸು. "ಸಮ್ಮಕ್ಕ ಎಲ್ಲಿ?" ಅಂತ ಕೇಳಿದೆ. "ಆಕಿಗೇನು ಇಲ್ಲಿ ಕೆಲಸ? ನಮ್ಮ ಕಾಯಿ ಒಡದು ಕೊಡ್ತಾಳ, ಕೂಲಿಗೆ. ಪೆಟ್ಟಿಗಿ ಮುಟ್ಟಗೊಡಂಗಿಲ್ಲ ನಾವು" ಅಂದ್ಲು ಭದ್ರಮ್ಮ.

ಅವತ್ತು ಬರಣಿ ತೆಗೀಬಾರದು ಅಂದ್ಕೊಂಡಿದ್ದೆ. ನಾ ಕೈ ಹಾಕೋದ್ರೊಳಗ ಭದ್ರಮ್ಮನೇ ಮೇಜಿನ ಮ್ಯಾಲಿಂದ ತಗೊಂಡು ಮುಚ್ಚಳ ತಿರುವಿದ್ಲು. ಮೂಸಿದ್ಲು. ಮತ್ತೊಮ್ಮೆ ಮೂಸಿದ್ಲು. ಬಾಜೂಕಿನಾಕಿಗೆ ಕೊಟ್ಲು.

"ಇದು ಕಟ್ಟಿಗಿ ಹೊಗೆ ಅಲ್ರಿ ಮೇಡಂ" ಅಂದ್ಲು. "ಇದು ಸಾಂಬ್ರಾಣಿ. ಬಾಣಂತಿಗೆ, ಕೂಸಿಗೆ ಹಾಕೋ ಸಾಂಬ್ರಾಣಿ. ಯಾವ ಊರಿನ ಸರಕಿದು, ಬೀಜಕ್ಕ ಸಾಂಬ್ರಾಣಿ ಹಾಕೋ ಹುಚ್ಚರದ್ದು?"

ಎಲ್ಲರೂ ನಕ್ಕರು.

"ನಿಮ್ಮ ಊರಿಂದೇ" ಅಂದೆ. "ಸಮ್ಮಕ್ಕ ಒಣಗಿಸಿದ ಸರಕು. ಲೋಬಾನ ಹಾಕಿಸಿದಾಕಿ ನಾನು, ಇದೇ ಕೋಣ್ಯಾಗ."

ನಾನಾಗಿ ಹೇಳಿದ್ದಲ್ಲ ಅದು, ನೆನಪಿಡ್ರಿ. ಅವರು ಹಿಡದ್ರು, ನಾ ಒಪ್ಪಿಕೊಂಡೆ. ಭದ್ರಮ್ಮನ ನಗು ಹಂಗೇ ಮುಖದ ಮ್ಯಾಲೆ ಒಣಗಿಹೋತು. "ಅಯ್ಯೋ ದೇವರೇ" ಅಂತ ಕೆಳಗ ಕೂತ್ಲು. "ನಾವೇ ಆಕಿ ಅಂಗಳದಿಂದ ಪೆಟ್ಟಿಗಿ ಹೊತ್ತೇವಲ್ಲ. ನಾನೇ ಒಂದು ಕಡೆ ಹಿಡಿದಿದ್ದೆ." ಸ್ವಲ್ಪ ಹೊತ್ತಿಗೆ ತಲಿ ಎತ್ತಿ, "ನಮಗ ಹೇಳಿದ್ರ ಸಾಲಂಗಿಲ್ಲ ಮೇಡಂ. ಬಂದು ಆಕಿ ಮುಂದ ಹೇಳ್ರಿ" ಅಂದ್ಲು. ಸಾಹೇಬರನ್ನ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅವರ ಜೊತಿಗೇ ಬಸ್ಸು ಹತ್ತಿದೆ.

ಸಮ್ಮಕ್ಕನ ಅಂಗಳ ಭಾಳ ಸ್ವಚ್ಛ ಇತ್ತು, ಸಗಣಿ ಸಾರಿಸಿ ರಂಗೋಲಿ ಹಾಕಿತ್ತು. ಕಾಯಿ ಒಡ್ಯಾಕತ್ತಿದ್ಲು. ಕಟ್ಟಿ ಮ್ಯಾಲೆ ಆಕಿ ಅತ್ತಿ, ಹಣ್ಣಣ್ಣು ಮುದುಕಿ, ಗೋಣಿಚೀಲ ಹೊಚ್ಚಿಕೊಂಡು ಬಿಸಿಲು ಕಾಯಾಕತ್ತಿತ್ತು. ನನ್ನ ನೋಡಿ ಸಮ್ಮಕ್ಕ ಏಳಲಿಲ್ಲ. ನಾನು ನಿಂತೇ ಹೇಳಿದೆ. ರಜಾ, ತಾಟು, ಚಾಚಾ, ಡಬ್ಬಿ, ಸಾಹೇಬರು, ಬರಣಿ, ಒಂದೂ ಬಿಡಲಿಲ್ಲ. "ನೀ ಬಂದಾಗ ಆ ಬೀಜ ಮೂಸಿದ್ರ ಅವತ್ತೇ ತಿಳೀತಿತ್ತು. ಮೂಸಲಿಲ್ಲ. ನಂದು ತಪ್ಪಾತು ಸಮ್ಮಕ್ಕ" ಅಂದೆ.

ಆಕಿ ಕೈಯಾಗಿನ ಕಾಯಿ ಒಡದು, ಬೀಜ ಬುಟ್ಟಿಗೆ ಹಾಕಿ, ಕತ್ತಿ ಕೆಳಗಿಟ್ಲು.

"ನೀವು ಬೆಂಕಿ ಹುಡುಕು, ಆರಿಸು ಅಂದ್ರಿ" ಅಂದ್ಲು. "ಹುಡುಕಿದೆ. ಅಡಿಗಿ ಗ್ಯಾಸಿನ ಮ್ಯಾಲೆ ಮಾಡ್ತೀನಿ, ಹಂಡೆ ನೀರು ಕಾಸುವಷ್ಟು ಗ್ಯಾಸು ಸಾಲಂಗಿಲ್ಲ. ಇದ್ದದ್ದು ಹಿತ್ತಲದಾಗ ಒಂದೇ ಒಂದು ಒಲಿ, ಅತ್ತಿಗೆ ಮೈಗೆ ನೀರು ಕಾಸೋದು. ಗಾಳಿ ತಿರುಗಿ ಆ ಹೊಗೆನೇ ಬಂದಿರಬೇಕು ಅಂತ ನನಗೂ ಅನಿಸ್ತು. ನನ್ನ ಕೈಲೇ ಒಡದು ಹಾಕಿದೆ. ಪೆಟ್ಟಿಗಿ ಒಯ್ದ ಮ್ಯಾಲೂ ಕಟ್ಟಲಿಲ್ಲ. ಒಲಿ ಹಚ್ಚಿದ್ರ, ನೋಡ್ರಿ ಈಕಿ ಹೊಗೆ ಅಂತ ಮಂದಿ ಅಂತಾರಂತ. ಎರಡು ಚಳಿಗಾಲ ಮೇಡಂ, ಈ ಮುದುಕಿ ತಣ್ಣೀರು ಹಾಕ್ಕೊಂಡೈತಿ. ನಡುಗಿಕೋತ ಹಾಕ್ಕೊಂಡೈತಿ. ಒಂದು ದಿನ ನನಗ ಒಂದು ಮಾತು ಅಂದಿಲ್ಲ."

ಭದ್ರಮ್ಮ ಸೆರಗು ಬಾಯಿಗಿಟ್ಟು ಅಳಾಕತ್ತಿದ್ಲು. ಪೆಟ್ಟಿಗಿ ಸಂಜಿಯೊಳಗ ಈ ಅಂಗಳಕ್ಕ ಬರ್ತೈತಿ ಅಂತ ಏನೇನೋ ಹೇಳಿದ್ಲು. ಸಮ್ಮಕ್ಕ ಆ ಕಡೆ ನೋಡಲೂ ಇಲ್ಲ.

ಮುದುಕಿಗೆ ಕಿವಿ ಚಲೋ ಇತ್ತು ಅಂತ ಆಮ್ಯಾಲೆ ಗೊತ್ತಾತು. ಗೋಣಿಚೀಲ ಸರಿಸಿ ಕೇಳಿತು, "ಹಂಗಾರ ನಮ್ಮ ಒಲಿದೇನೂ ತಪ್ಪಿರಲಿಲ್ಲನ?"

"ಇರಲಿಲ್ಲ ಅತ್ತಿ" ಅಂದ್ಲು ಸಮ್ಮಕ್ಕ.

"ಮತ್ಯಾಕ ಕೂತಿ? ಏಳು, ನೀರು ಕಾಸು."

ಸಮ್ಮಕ್ಕ ಎದ್ದು ಹಿತ್ತಲಕ್ಕ ಹೋದ್ಲು. ನಾನೂ ಹಿಂದ ಹೋದೆ. ಮೂರು ಕಲ್ಲು ಹುಡುಕಿ ಇಟ್ಲು. ನಾ ನಾಕು ಕಟ್ಟಿಗಿ ಆರಿಸಿಕೊಟ್ಟೆ. ನನ್ನ ಕೈಯಿಂದ ಅದನ್ನ ತಗೊಂಡು ಬದಿಗಿಟ್ಟು, ತಾನೇ ಹೋಗಿ ಬ್ಯಾರೆ ಕಟ್ಟಿಗಿ ತಂದ್ಲು. ಹಸಿ ಕಟ್ಟಿಗಿ, ಹೊಗೆ ಹಿತ್ತಲ ತುಂಬ ಎದ್ದು ಅಂಗಳಕ್ಕ ಬಂತು, ಯಾರೂ ಏನೂ ಅನ್ನಲಿಲ್ಲ. ಹಂಡೆ ನೀರು ಮರಳಿದ ಮ್ಯಾಲೆ ಮುದುಕಿ ಕೈ ಹಿಡಿದು ಬಚ್ಚಲಕ್ಕ ಕರಕೊಂಡು ಹೋದ್ಲು.

ಮುದುಕಿ ಭಾಳ ಹೊತ್ತು ಮೈ ತೊಳಕೊಂಡಿತು. "ಇನ್ನೊಂದು ತಂಬಿಗಿ ಹಾಕು, ಇನ್ನೊಂದು ಹಾಕು" ಅನ್ನೋದು ಹೊರಗ ಕೇಳ್ತಿತ್ತು. ಸಮ್ಮಕ್ಕ ಹಂಡೆ ತಳ ಕಾಣೋ ತನಕ ಹಾಕಿದ್ಲು.